ಕೋಸಂಬರೀದೋಷ ಮೀಮಾಂಸೆ

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಇರಲೇಬೇಕೆಂದು ಹಿರಿಯರು ವಿಧಿಸಿದ್ದಾರೆ. ಪ್ರಸ್ತುತ ಶಾಸ್ತ್ರದ ವಿಷಯ, ತೊಳೆಯದ ಕೊತ್ತಂಬರಿ ಸೊಪ್ಪು. ಪ್ರಯೋಜನ, ನಿರಪರಾಧಿಯಾದ ಹೋಟೆಲಿನವನ ಬಿಡುಗಡೆ. ಸಂಬಂಧ, ಸೊಪ್ಪಿಗೂ ಬಚ್ಚಲಿಗೂ ಇರುವ ಕಾರ್ಯಕಾರಣಭಾವ. ಅಧಿಕಾರಿ, ಹೊಟ್ಟೆ ಇರುವ ಯಾರಾದರೂ ಸರಿ.

ಮೊದಲು ಪೂರ್ವಪಕ್ಷ. ಭಾನುವಾರ ರಾತ್ರಿ ಹೊಟ್ಟೆ ಕೆಟ್ಟಿತು. ಅಂದು ಬೆಳಿಗ್ಗೆ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದದ್ದು ಸರ್ವವಿದಿತ. ಆದ್ದರಿಂದ ದೋಸೆಯೇ ದೋಷಿ. ‘ಹೊರಗಡೆ ತಿನ್ಬೇಡಿ ಅಂತ ಬಡ್ಕೊಂಡೆ’ ಎಂಬ ಗೃಹಿಣೀವಾಕ್ಯ ಇಲ್ಲಿ ಶಬ್ದಪ್ರಮಾಣ. ಮನೆಯೂಟವಾದರೋ ಅಪೌರುಷೇಯ (ಮನೆಯ ಗಂಡಸರು ಅದಕ್ಕೆ ಕೈ ಹಚ್ಚಿಲ್ಲ). ಅದರಲ್ಲಿ ದೋಷ ಹುಡುಕುವವನು ನಾಸ್ತಿಕ.

ಇದಕ್ಕೆ ಉತ್ತರ: ಇದು ಬರೀ ಕಾಕತಾಳೀಯ. ಸಾಲ್ಮೊನೆಲ್ಲಾ ಒಳಹೊಕ್ಕು ತನ್ನ ಪ್ರತಾಪ ತೋರಲು ಆರು ಗಂಟೆಯೂ ಆಗಬಹುದು, ಆರು ದಿನವೂ ಆಗಬಹುದು. ಇ. ಕೋಲಿಯ ಉಗ್ರ ತಳಿಗಳು ಸಾಮಾನ್ಯವಾಗಿ ಮೂರು ನಾಲ್ಕು ದಿನ ಕಾಯುತ್ತವೆ. ಎಂದಮೇಲೆ ಭಾನುವಾರದ ಭೇದಿಗೆ ಗುರುವಾರದ ಕೋಸಂಬರಿ ಹೊಣೆಯಾಗುವುದಕ್ಕೆ ಯಾವ ಬಾಧಕವೂ ಇಲ್ಲ. ದೋಸೆ ಕಾದ ಕಾವಲಿಯ ಮೇಲೆ ಅಗ್ನಿಪರೀಕ್ಷೆ ಮುಗಿಸಿ ಬಂದದ್ದು. ಚಟ್ನಿಗೆ ಪ್ರತ್ಯೇಕ ಸಂಪುಟವೇ ಬೇಕು. (ಪ್ರಾಸಂಗಿಕವಾಗಿ: ಸಾಲ್ಮೊನೆಲ್ಲಾ ಕುಲದ ಜೀವಿಯನ್ನು 1885ರ ಹೊತ್ತಿಗೆ ಬೇರ್ಪಡಿಸಿ ತೆಗೆದವರು ಥಿಯೊಬಾಲ್ಡ್ ಸ್ಮಿತ್, ಹೆಸರು ನಿಂತದ್ದು ಅವರ ಮೇಲಧಿಕಾರಿ ಡೇನಿಯಲ್ ಸಾಲ್ಮನ್ ಅವರದು. ಸರ್ಕಾರಿ ಕಚೇರಿಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಇನ್ನು ಕ್ಷಾಲನ ಪ್ರಕರಣ. ಪ್ರೋಕ್ಷಣವಾದಿಗಳು ಕೊತ್ತಂಬರಿ ಕಟ್ಟನ್ನು ಬಿಚ್ಚದೆಯೇ ನಲ್ಲಿಯ ಕೆಳಗೆ ಒಮ್ಮೆ ಆಡಿಸಿ, ಕೊಡವಿ, ಈಳಿಗೆಮಣೆಗೆ ಒಯ್ಯುವರು. ಬಾಳೆನಾರಿನ ಗಂಟಿನೊಳಗೆ, ಬೇರಿನ ಬುಡದಲ್ಲಿ, ತೋಟದ ಕೆಂಪು ಮಣ್ಣು ಅಲುಗಾಡದೆ ಕೂತಿರುತ್ತದೆ. ಸೊಪ್ಪಿನವಳು ಬೆಳಗಿನಿಂದ ಗೋಣಿಚೀಲದ ಮೇಲೆ ಚಿಮುಕಿಸುತ್ತಿದ್ದ ನೀರನ್ನೂ ಇವರು ಸ್ನಾನದ ಲೆಕ್ಕಕ್ಕೆ ಹಿಡಿಯುತ್ತಾರೆ. ನಿಮಜ್ಜನವಾದಿಗಳು ಒಂದು ಹೆಜ್ಜೆ ಮುಂದೆ ಹೋಗಿ ಪಾತ್ರೆಯಲ್ಲಿ ಮುಳುಗಿಸುವರು, ನಿಜ. ಆದರೆ ಸೊಪ್ಪನ್ನು ಮೇಲಕ್ಕೆತ್ತಿಕೊಳ್ಳದೆ ಪಾತ್ರೆಯನ್ನೇ ಜರಡಿಗೆ ಬಗ್ಗಿಸಿ, ತಳಕ್ಕಿಳಿದ ಮಣ್ಣನ್ನೆಲ್ಲ ಸೊಪ್ಪಿನ ತಲೆಗೇ ಅಭಿಷೇಕ ಮಾಡುವರು. ಕಟ್ಟು ಬಿಚ್ಚಿ, ಬೇರು ತೆಗೆದು, ನೀರು ತಿಳಿಯಾಗುವ ತನಕ ಬದಲಿಸಿ, ಸೊಪ್ಪನ್ನಷ್ಟೇ ಎತ್ತಿಕೊಳ್ಳುವವರೂ ಇದ್ದಾರೆ. ಎಲೆ ಹಾಕಿ ಕೋಸಂಬರಿ ಬಡಿಸುವ ಹೊತ್ತಿಗೆ ಅವರದಿನ್ನೂ ಎರಡನೆಯ ನೀರು.

‘ಒಗ್ಗರಣೆ ಬಿದ್ದ ಮೇಲೆ ಯಾವ ಕ್ರಿಮಿ ಉಳಿಯುತ್ತೆ?’ ಎಂಬ ಆಕ್ಷೇಪವುಂಟು. ಒಂದು ಚಮಚ ಎಣ್ಣೆಯಿಂದ ಬೋಗುಣಿ ತುಂಬ ಇರುವ ಸೌತೆಕಾಯಿ, ಹೆಸರುಬೇಳೆ ಬೆಚ್ಚಗೂ ಆಗುವುದಿಲ್ಲ. ಸಾಸಿವೆಯ ಚಟಪಟಕ್ಕೆ ಹೆದರಲು ಕ್ರಿಮಿಗಳಿಗೆ ಕಿವಿಯಿಲ್ಲ. ನಿಂಬೆರಸವೂ ರುಚಿಗೆ ಸಾಕು, ಸಂಹಾರಕ್ಕೆ ಸಾಲದು.

ತಪ್ಪನ್ನು ಹೊರಗಿನವರ ತಲೆಗೆ ಕಟ್ಟುವ ವಿದ್ಯೆ ನಮ್ಮ ಅಡುಗೆಮನೆಯದೇ ಸ್ವತ್ತೆಂದು ಬೀಗುವಂತಿಲ್ಲ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಹರಡಿ ಸುಮಾರು 4,000 ಮಂದಿ ಹಾಸಿಗೆ ಹಿಡಿದರು, 50ಕ್ಕೂ ಹೆಚ್ಚು ಜನ ತೀರಿಕೊಂಡರು. ಹ್ಯಾಂಬರ್ಗಿನ ಅಧಿಕಾರಿಗಳು ಸ್ಪೇನಿನ ಸೌತೆಕಾಯಿಯತ್ತ ಬೆರಳು ಮಾಡಿದರು. ಅಲ್ಲಿನ ರೈತರ ಬೆಳೆ ಕೊಳ್ಳುವವರಿಲ್ಲದೆ ತಿಪ್ಪೆ ಸೇರಿತು. ತನಿಖೆ ಕೊನೆಗೆ ಹೋಗಿ ನಿಂತದ್ದು ಮೆಂತ್ಯದ ಮೊಳಕೆಯ ಮುಂದೆ: ಬೀಜ ಬಂದದ್ದು ಈಜಿಪ್ಟಿನಿಂದ, ಮೊಳಕೆ ಬರಿಸಿದ್ದು ಜರ್ಮನಿಯದೇ ತೋಟ. ಮೊಳಕೆ ಒಡೆಯುವ ಬೆಚ್ಚನೆಯ ತೇವದಲ್ಲಿ ಬೀಜಕ್ಕಂಟಿದ ಬ್ಯಾಕ್ಟೀರಿಯಾವೂ ಹುಲುಸಾಗಿ ಬೆಳೆಯುತ್ತದೆ. ಅದು ತೊಳೆದರೆ ಹೋಗುವ ಪೈಕಿಯಲ್ಲ, ಬೇಯಿಸಲೇಬೇಕು. ಸೌತೆಕಾಯಿಗೆ ದೋಷಮುಕ್ತಿ ಸಿಕ್ಕಿತು, ರೈತರಿಗೆ ಐರೋಪ್ಯ ಒಕ್ಕೂಟ ಪರಿಹಾರ ಕೊಟ್ಟಿತು. ನಮ್ಮ ಹೋಟೆಲಿನವನಿಗೆ ಯಾರೂ ಏನೂ ಕೊಟ್ಟಿಲ್ಲ.

ಚಿಕಿತ್ಸಾ ಪ್ರಕರಣ ಚಿಕ್ಕದು. ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಯುವುದು. ಜ್ವರ ಏರಿದರೆ, ರಕ್ತ ಕಂಡರೆ ಶಾಸ್ತ್ರ ಮಡಚಿಟ್ಟು ಡಾಕ್ಟರ ಬಳಿಗೆ ಓಡುವುದು. ಆದರೆ ಅಜ್ಜಿಯ ಸಂಪ್ರದಾಯದಲ್ಲಿ ಇದಕ್ಕೆಲ್ಲ ಮುಂಚೆ ಒಂದು ವಿಧಿಯುಂಟು: ಚಮಚ ತುಂಬ ಮೆಂತ್ಯವನ್ನು ಗಟ್ಟಿ ಮೊಸರಿನಲ್ಲಿ ಕಲಸಿ ಅಗಿಯದೆ ನುಂಗಬೇಕು. ಜರ್ಮನಿಯ ವೃತ್ತಾಂತವನ್ನು ಸಪ್ರಮಾಣವಾಗಿ ಮಂಡಿಸಲು ಹೋದ ಮೊಮ್ಮಗನಿಗೆ ಸಿಕ್ಕ ಸಿದ್ಧಾಂತ ಇಷ್ಟೇ: ‘ಅವ್ರು ಸರಿಯಾಗಿ ತೊಳ್ದಿರಲ್ಲ ಕಣೋ. ಬಾಯಿ ತೆಗಿ.’