ಪ್ಲೇಟಣ್ಣನ ಸಬ್‌ಸ್ಟೇಷನ್

ಊರಿಗೊಬ್ಬ ಪ್ಲೇಟಣ್ಣ ಇದ್ದೇ ಇರುತ್ತಾನೆ. ಹಿಂದೆ ಮಾಳಿಗೆ ಹತ್ತಿ ಆಂಟೆನಾ ತಿರುವುತ್ತಾ ‘ಈಗ ಬಂತಾ?’ ಎಂದು ಕೂಗುತ್ತಿದ್ದವನೂ ಇವನೇ, ಆಮೇಲೆ ಸೆಲ್ಫಿ ಕೋಲನ್ನು ಮೊದಲು ಊರಿಗೆ ತಂದವನೂ ಇವನೇ. ಈಗ ಇವನ ಬಗಲಲ್ಲಿ ಮಡಚುವ ಸೋಲಾರ್ ಪ್ಲೇಟಿದೆ. ಮಡಚಿದರೆ ಮದುವೆ ದಲ್ಲಾಳಿಯ ಕೈಚೀಲದಷ್ಟು, ಬಿಚ್ಚಿದರೆ ನಾಲ್ಕು ಎಲೆಯ ಕರಿ ಹಾಳೆ. ಬೆಲೆ ಎಷ್ಟೆಂದು ಕೇಳಬೇಡಿ. ಹೆಂಡತಿಗೆ ಹೇಳಿದ್ದು ಒಂದು, ಭೀಮೇಶ್ವರ ಗುಡಿಯ ಹತ್ತಿರ ಕೂತವರಿಗೆ ಹೇಳಿದ್ದು ಅದರ ಎರಡರಷ್ಟು.

ನಮ್ಮ ನೀಲಗುಂದದ ಪ್ಲೇಟಣ್ಣನಿಗೆ ಈ ಹುಚ್ಚು ಹತ್ತಿಸಿದವನು ಅಮೆರಿಕದಲ್ಲಿರುವ ಅವನ ಸೋದರಳಿಯ. ಅಲ್ಲಿಯ ಜನ ಅಡುಗೆಮನೆ, ಹಾಸಿಗೆ, ಕಕ್ಕಸು ಎಲ್ಲ ಇರುವ ಆರ್‌ವಿ ಎಂಬ ದೊಡ್ಡ ಬಂಡಿಯಲ್ಲಿ ಕಾಡಿಗೆ ಹೋಗುತ್ತಾರಂತೆ. ಬಂಡಿಯನ್ನು ಮರದ ನೆರಳಿಗೆ ನಿಲ್ಲಿಸಿ, ಮಡಚುವ ಪ್ಲೇಟನ್ನು ಮಾತ್ರ ಬಿಸಿಲಿಗೆ ಹಾಸಿ, ಉದ್ದ ವೈರು ಎಳೆದುಕೊಂಡು ತಂಪಾಗಿ ಕೂರುತ್ತಾರಂತೆ. ಅಳಿಯ ಕಳಿಸಿದ ಅದರ ವಿಡಿಯೋವನ್ನು ಮಾವ ಊರಿಗೆಲ್ಲ ತೋರಿಸಿದ.

“ಮನಿಗೇ ಗಾಲಿ ಹಚ್ಯಾರ ನೋಡ್ರಿ ಯಜಮಾನ್ರ!”

“ನಮ್ಮಪ್ಪನ ಕಮಾನು ಬಂಡಿಗೆ ಏನು ಹಚ್ಚಿದ್ರೋ ತಮ್ಮಾ, ರೆಕ್ಕಿ ಹಚ್ಚಿದ್ರೇನು?” ಅಂದರು ಯಜಮಾನರು.

ಮಾತು ಸುಳ್ಳಲ್ಲ. ಈ ಸೀಮೆಯವರು ಕೊಟ್ಟೂರಿನ ತೇರಿಗೂ ಮೈಲಾರದ ಕಾರ್ಣಿಕಕ್ಕೂ ಬುತ್ತಿ, ಮೇವು, ಮಕ್ಕಳನ್ನು ಹೇರಿಕೊಂಡು ಬಂಡಿ ಕಟ್ಟಿದವರು. ಹಗಲು ಬಂಡಿಯೊಳಗೆ ಪ್ರಯಾಣ, ರಾತ್ರಿ ಅದರ ಅಡಿಯಲ್ಲೇ ನಿದ್ದೆ, ಅಚ್ಚಿನ ಕೆಳಗೆ ತೂಗುವ ಒಂದು ಕಂದೀಲು. ಗಾಲಿಯಿಲ್ಲದೆ ಸುತ್ತುವುದರಲ್ಲೂ ನಮ್ಮ ತಾಲ್ಲೂಕಿಗೆ ಸಾಟಿಯಿಲ್ಲ. 1997ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ದಾವಣಗೆರೆಗೆ ಹೋದೆವು, ಮತ್ತೆ ಬಳ್ಳಾರಿಗೆ ಬಂದೆವು, 2021ರಲ್ಲಿ ವಿಜಯನಗರ ಸೇರಿದೆವು. ಇಷ್ಟೆಲ್ಲ ಪ್ರಯಾಣಕ್ಕೆ ಹರಪನಹಳ್ಳಿಯವರು ಮನೆಯ ಹೊಸ್ತಿಲು ದಾಟಿಲ್ಲ.

ಭರತ ಹುಣ್ಣಿಮೆ ಬಂತು. ಟ್ರ್ಯಾಕ್ಟರ್ ಟ್ರಾಲಿಗೆ ಕಮಾನು ಕಟ್ಟಿ, ತಾಡಪತ್ರಿ ಹೊದಿಸಿ, ಹುಲ್ಲು ಹಾಸಿ, ಮೈಲಾರಕ್ಕೆ ಹೊರಟರು. ಟ್ರಾಲಿಯಲ್ಲಿ ಜನ ಕೂರಬಾರದೆಂಬ ಕಾನೂನು ಇದೆ. ಜಾತ್ರೆಗೆ ಹೋಗುವವರಿಗೆ ಅದು ನೆನಪಾಗುವುದು ಮನೆಗೆ ಬಂದ ಮೇಲೆ. “ಈ ಸಲ ನಮ್ಮ ಟ್ರಾಲಿಗೆ ಯಾರ ಕರೆಂಟೂ ಬ್ಯಾಡ” ಎಂದು ಪ್ಲೇಟಣ್ಣ ಘೋಷಿಸಿದ. ಹೊಲದ ಪಂಪ್‌ಸೆಟ್ಟಿಗೆ ಏಳು ತಾಸಿನ ತ್ರೀಫೇಸ್ ಎಷ್ಟು ಹೊತ್ತಿಗೆ ಬರುತ್ತದೆಂದು ನಡುರಾತ್ರಿ ಎದ್ದು ಕಾದವನ ಸಿಟ್ಟು ಅದರಲ್ಲಿತ್ತು.

ಹೂವಿನಹಡಗಲಿ ಕಡೆ ಕೊಯ್ಲಾದ ಎರೆಹೊಲವೊಂದರಲ್ಲಿ ಕುರಿ ತರುಬಿದ್ದರು. ಕುರಿಗಾಹಿಯ ಹೇರಿನ ಮೇಲೆ ಪಾಟಿಯಷ್ಟು ಸಣ್ಣದೊಂದು ಪ್ಲೇಟು, ವೈರಿಗೆ ಕರಿ ಟೇಪು ಸುತ್ತಿದ್ದು. ಪ್ಲೇಟಣ್ಣ ಟ್ರ್ಯಾಕ್ಟರ್ ನಿಲ್ಲಿಸಿಯೇ ಬಿಟ್ಟ.

“ಎಷ್ಟು ವ್ಯಾಟಿಂದು?”

“ಗೊತ್ತಿಲ್ರಿ. ರಾತ್ರಿ ಬ್ಯಾಟ್ರಿ ಹತ್ತತೈತಿ.”

“ಎಂಪಿಪಿಟಿ ಐತೇನು?”

“ಅದು ಇಲ್ರಿ. ಮಜ್ಜಿಗಿ ಐತಿ, ಕುಡೀರಿ.”

ಮಜ್ಜಿಗೆ ಕುಡಿದು, ಅವನ ಅಜ್ಞಾನಕ್ಕೆ ಮರುಗುತ್ತಾ ಪ್ಲೇಟಣ್ಣ ಮುಂದೆ ಹೋದ.

ಮೈಲಾರದಲ್ಲಿ ಬೇವಿನ ಮರದಡಿ ಟ್ರಾಲಿ ನಿಂತಿತು. ಪ್ಲೇಟಣ್ಣ ದಕ್ಷಿಣಕ್ಕೆ ಮುಖ ಮಾಡಿ ಪ್ಲೇಟು ಬಿಚ್ಚಿದ. ಇಲ್ಲಿ ಅವನ ಲೆಕ್ಕ ಸರಿ ಎಂದು ಒಪ್ಪಬೇಕು. ನಮ್ಮದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 15 ಡಿಗ್ರಿಯ ಊರು. ಫೆಬ್ರುವರಿಯಲ್ಲಿ ನಡುಮಧ್ಯಾಹ್ನವೂ ಸೂರ್ಯ ನೆತ್ತಿಗೆ ಬರದೆ ದಕ್ಷಿಣಕ್ಕೆ ವಾಲಿರುತ್ತಾನೆ. ಪ್ಲೇಟು ಎಷ್ಟು ಓರೆಯಾಗಬೇಕೆಂದು ನೋಡಲು ಅದರ ಮೇಲೆ ನೇರವಾಗಿ ಒಂದು ಕಡ್ಡಿ ನಿಲ್ಲಿಸಬೇಕು. ಕಡ್ಡಿಯ ನೆರಳು ಮಾಯವಾದರೆ ಬಿಸಿಲು ಸರಿಯಾಗಿ ಬೀಳುತ್ತಿದೆ ಎಂದರ್ಥ. ಅವನಿಗೆ ಸಿಕ್ಕಿದ ಕಡ್ಡಿ ಊದಿನಕಡ್ಡಿ. ಜಾತ್ರೆಯಲ್ಲಿ ಕರಿ ಹಾಳೆಯ ಮೇಲೆ ಊದಿನಕಡ್ಡಿ ನಿಲ್ಲಿಸಿ ಒಬ್ಬ ಬಗ್ಗಿ ನೋಡುತ್ತಿದ್ದರೆ ನಾಲ್ಕು ಜನ ಸುಮ್ಮನೆ ಹೋಗುತ್ತಾರೆಯೇ? ಒಬ್ಬಳು ಕೈಮುಗಿದಳು. ಇನ್ನೊಬ್ಬ ಹಿಡಿ ಭಂಡಾರ ತೂರಿ ‘ಏಳುಕೋಟಿ’ ಅಂದ. ಯಾರೋ ಎರಡು ರೂಪಾಯಿ ನಾಣ್ಯವನ್ನೂ ಇಟ್ಟರು. ಅರಿಶಿನದ ಧೂಳು ಕೂತ ಪ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದರಲ್ಲಿ ಪ್ಲೇಟಣ್ಣನ ಮೊದಲ ಮಧ್ಯಾಹ್ನ ಕಳೆಯಿತು. ನಾಣ್ಯ ಜೇಬಿಗೆ ಹೋಯಿತು.

ಮರುದಿನ ಬೆಳಿಗ್ಗೆ ತುಂಗಭದ್ರೆಯಲ್ಲಿ ಮುಳುಗಿ ಬಂದ ಅಜ್ಜಿಯೊಬ್ಬಳು ಒದ್ದೆ ಸೀರೆಯನ್ನು ಅಚ್ಚುಕಟ್ಟಾಗಿ ಪ್ಲೇಟಿನ ಒಂದು ಎಲೆಯ ಮೇಲೆ ಹರವಿದಳು.

“ಯಮ್ಮಾ, ಕರೆಂಟೇ ಹೋತಲ್ಲಬೇ!”

“ಒಂದು ಮೂಲಿಗೆ ಹಾಕೀನಪಾ. ಉಳಿದಿದ್ದು ನಿನಗೇ ಬಿಟ್ಟೀನಲ್ಲ. ಚಲೋ ಕಾದೈತಿ, ಲಗೂನ ಒಣಗತೈತಿ.”

ಎಲ್ಲ ಬಿಲ್ಲೆಗಳೂ ಸಾಲಾಗಿ ಜೋಡಿಸಿದವು, ಒಂದರ ಮೇಲೆ ನೆರಳು ಬಿದ್ದರೆ ಇಡೀ ಸಾಲೇ ಕುಂಟುತ್ತದೆ ಎಂಬುದನ್ನು ಅಜ್ಜಿಗೆ ತಿಳಿಯುವಂತೆ ಹೇಳಬೇಕಾಯಿತು: “ಒಂದೇ ಹಗ್ಗಕ್ಕೆ ಕಟ್ಟಿದ ಎತ್ತು ಇದ್ದಂಗಬೇ. ಒಂದು ಮಲಗಿದ್ರ ಎಲ್ಲಾ ನಿಂತಬಿಡ್ತಾವು.”

“ಹಂಗಾದ್ರ ಆ ಮಲಗಿದ್ದಕ್ಕ ಒಂದು ಬಾರಿಕೋಲು ಎಳಿ. ನನ್ನ ಸೀರಿ ಯಾಕ ತಗೀತಿ?”

ಪ್ಲೇಟಿನ ಮೇಲೆ 100 ವ್ಯಾಟ್ ಎಂದು ಬರೆದಿದೆ. ಕಾರ್ಖಾನೆಯಲ್ಲಿ ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿಟ್ಟು, ಬಿಲ್ಲೆಯ ಬಿಸಿ 25 ಡಿಗ್ರಿ ಇರುವಾಗ ಅಳೆದ ಅಂಕಿ ಅದು. ನಮ್ಮ ಕಡೆ 25 ಡಿಗ್ರಿ ಸಿಗುವುದು ನಸುಕಿನಲ್ಲಿ, ಆಗ ಸೂರ್ಯ ಇರುವುದಿಲ್ಲ. ಸೂರ್ಯ ಬಂದಾಗ ಪ್ಲೇಟು ರೊಟ್ಟಿ ಸುಡುವಂತೆ ಕಾದು, ಕಾದಷ್ಟೂ ಸೊರಗಿ, 70 ವ್ಯಾಟ್ ಕೊಟ್ಟರೆ ಪುಣ್ಯ. ದಿನಕ್ಕೆ ನಾಲ್ಕೈದು ತಾಸು ಒಳ್ಳೆ ಬಿಸಿಲು ಎಂದರೂ 300 ವ್ಯಾಟ್-ತಾಸಿನ ಆಜುಬಾಜು. ಒಂದು ಮೊಬೈಲಿಗೆ, ನಡುವೆ ಸೋರುವುದೂ ಸೇರಿ, 25 ಹಿಡಿಯಿರಿ. ಹನ್ನೆರಡು ಮೊಬೈಲು ತುಂಬಿದರೆ ಅಂದಿನ ಸೂರ್ಯ ಖಾಲಿ.

ಟ್ರಾಲಿಯಲ್ಲಿದ್ದವರೇ ಹನ್ನೆರಡಕ್ಕಿಂತ ಹೆಚ್ಚು. ಪಕ್ಕದ ಟ್ರಾಲಿಗಳವರು ಬೇರೆ ‘ಅಣ್ಣಾ, ಮಾವಾ, ಕಾಕಾ’ ಎಂದು ಸಂಬಂಧ ಹುಡುಕಿಕೊಂಡು ವೈರು ಹಿಡಿದು ಬಂದರು. ಇವೆಲ್ಲ ಸಾಲದೆಂಬಂತೆ ಹೆಂಡತಿ ಗಂಟಿನಿಂದ 750 ವ್ಯಾಟಿನ ಮಿಕ್ಸರ್ ತೆಗೆದಳು. ಶೇಂಗಾ ಹಿಂಡಿ ಆಗಬೇಕು. ಪ್ಲೇಟಣ್ಣನ ಬ್ಯಾಟರಿ ಡಬ್ಬಿ 300ರದು. ಮಿಕ್ಸರ್ ಒಮ್ಮೆ ‘ಗುರ್’ ಎಂದಿತು, ಡಬ್ಬಿ ‘ಪೀಂ’ ಎಂದು ಕಣ್ಣು ಮುಚ್ಚಿತು.

“ಜಾತ್ರಿಗೇ ಕರೆಂಟು ಕೊಡ್ತೀನಿ ಅಂತಿದ್ರಿ. ಒಂದು ಬೊಗಸಿ ಶೇಂಗಾಕ್ಕ ಸೋತಬಿಟ್ರಿ?”

ಅಂದಿನಿಂದ ಪ್ಲೇಟಣ್ಣನ ಸ್ವಭಾವವೇ ಬದಲಾಯಿತು. ಒಂದು ನೋಟುಬುಕ್ಕು ಬಂತು. ಯಾರ ಮೊಬೈಲು, ಎಷ್ಟು ಹೊತ್ತು, ಎಷ್ಟು ಪರ್ಸೆಂಟ್. ಮೊದಲು ಟ್ರ್ಯಾಕ್ಟರ್ ಡ್ರೈವರ್, ಆಮೇಲೆ ಹಿರಿಯರು, ಗುಳಿಗೆ ತಗೊಳ್ಳಲು ಅಲಾರಂ ಇಟ್ಟವರು. ರೀಲ್ಸ್ ಮಾಡುವ ಹುಡುಗರು ಕಡೆಗೆ. ಒಬ್ಬರಿಗೆ 40 ಪರ್ಸೆಂಟ್ ಮೇಲೆ ಇಲ್ಲ. ಪಾಳಿ ತಪ್ಪಿದವರು ನಾಳೆ ಬರಬೇಕು. ಮೋಡ ಅಡ್ಡ ಬಂದಾಗ ಯಾರಾದರೂ ‘ಯಾಕಣ್ಣಾ, ಹತ್ತವಲ್ಲದು?’ ಎಂದರೆ, ತಲೆ ಎತ್ತದೆ, ‘ಮ್ಯಾಲಿಂದನ ಇಲ್ಲ’ ಎನ್ನುತ್ತಿದ್ದ. ಊರಿನ ಲೈನ್‌ಮನ್ ಫೋನಿನಲ್ಲಿ ಹೀಗೆ ಹೇಳಿದಾಗಲೆಲ್ಲ ಹಲ್ಲು ಕಡಿದವನು ಇವನೇ!

ಕಾರ್ಣಿಕದ ಸಂಜೆ ಎಲ್ಲರೂ ಡೆಂಕನಮರಡಿಗೆ ಹೊರಟರು. ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಲಕ್ಷಗಟ್ಟಲೆ ಜನ ಉಸಿರು ಹಿಡಿದು ನಿಲ್ಲುವ ಗಳಿಗೆ. ಆಮೇಲೆ ಒಂದೇ ನುಡಿ, ಮಳೆ ಬೆಳೆಯ ಭವಿಷ್ಯ ಅದರಲ್ಲೇ. ಆ ನುಡಿ ಹಿಡಿಯಲು ಎಲ್ಲರ ಮೊಬೈಲೂ ಮೇಲೆದ್ದವು, ಎಲ್ಲವೂ ಪ್ಲೇಟಣ್ಣ ಅಳೆದು ಕೊಟ್ಟ ಕರೆಂಟಿನಲ್ಲಿ. ಪ್ಲೇಟಣ್ಣ ಮಾತ್ರ ಅಲ್ಲಿರಲಿಲ್ಲ. ಪ್ಲೇಟು, ಡಬ್ಬಿ, ಇನ್ನೂ ಚಾರ್ಜಿಗಿದ್ದ ಪರರ ಮೂರು ಮೊಬೈಲು ಬಿಟ್ಟು ಹೋಗುವುದು ಹೇಗೆ? ನುಡಿಯನ್ನು ಅವನು ಕೇಳಿದ್ದು ರಾತ್ರಿ, ಬುತ್ತಿ ಬಿಚ್ಚಿದಾಗ, ಹುಡುಗನೊಬ್ಬನ ಮೊಬೈಲಿನಲ್ಲಿ. ಒಮ್ಮೆ ಕೇಳಿ, ಇನ್ನೊಮ್ಮೆ ಹಚ್ಚು ಅನ್ನುವಷ್ಟರಲ್ಲಿ ಅದರ ಬ್ಯಾಟರಿ ಮುಗಿಯಿತು.

ಇಷ್ಟಾದರೂ ನಮ್ಮ ತೀರ್ಪು ಪ್ಲೇಟಿನ ಪರವಾಗಿಯೇ ಇದೆ. ರಾತ್ರಿಯೆಲ್ಲ ಟ್ರಾಲಿಯಲ್ಲಿ ಒಂದು ಎಲ್‌ಇಡಿ ಬಲ್ಬು ಉರಿಯಿತು, ಕೂಸುಗಳು ಅಳಲಿಲ್ಲ, ದಾರಿ ತಪ್ಪಿದ ಇಬ್ಬರು ಮುದುಕರು ಫೋನು ಹಚ್ಚಿ ಟ್ರಾಲಿ ಸೇರಿಕೊಂಡರು. ಬರುವ ಭರತ ಹುಣ್ಣಿಮೆಗೆ ಪ್ಲೇಟಣ್ಣ 200 ವ್ಯಾಟಿನದು ತರುತ್ತಾನಂತೆ. ಅವನ ಟ್ರಾಲಿ ಹತ್ತುವವರು ಚಾರ್ಜರ್ ವೈರು ತಮ್ಮದೇ ತನ್ನಿ, ಮಿಕ್ಸರ್ ಮನೆಯಲ್ಲೇ ಬಿಡಿ, ಭಂಡಾರವನ್ನು ದಯವಿಟ್ಟು ಮೈಲಾರಲಿಂಗನಿಗೆ ಮಾತ್ರ ಹಾಕಿ.