ಇಡೀ ಕಟ್ಟಿಗೀದೇನ್ರಿ?

ಕೊಪ್ಪಳದ ಪೇಟೆಯಿರಲಿ, ಗಂಗಾವತಿಯ ಫರ್ನಿಚರ್ ಅಂಗಡಿಯಿರಲಿ, ಇವರನ್ನು ಗುರುತಿಸುವುದು ಕಷ್ಟವಲ್ಲ. ಕಟ್ಟಿಗೆಯ ಸಾಮಾನು ಕಂಡ ಕೂಡಲೇ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾರೆ, ಬೋರಲು ಹಾಕುತ್ತಾರೆ, ಮೊಬೈಲಿನ ಟಾರ್ಚ್ ಬಿಟ್ಟು ಗೆರೆ ಹುಡುಕುತ್ತಾರೆ. ಆಮೇಲಿನ ಪ್ರಶ್ನೆ ಒಂದೇ: ‘ಇಡೀ ಕಟ್ಟಿಗೀದೇನ್ರಿ, ಕೂಡ್ಸಿದ್ದೇನ್ರಿ?’ ಕೂಡಿಸಿದ್ದು ಎಂದರೆ ಮುಗಿಯಿತು. ವಧುವಿನ ಜಾತಕದಲ್ಲಿ ದೋಷ ಕಂಡವರ ಹಾಗೆ ಸಾಮಾನನ್ನು ಮೆಲ್ಲಗೆ ಇದ್ದಲ್ಲೇ ಇಡುತ್ತಾರೆ. ಇವರನ್ನು ಅಖಂಡಪ್ಪನವರು ಎನ್ನೋಣ. ಕುಷ್ಟಗಿಯ ಅಖಂಡಪ್ಪ ಮನೆ ಕಟ್ಟಿಸಿದರೆ ನೆಂಟರಿಗೆ ನೀರು ಕೊಡುವ ಮುಂಚೆ ತಲೆಬಾಗಿಲು ತೋರಿಸುತ್ತಾನೆ: ಒಂದೇ ಹಲಗೆ, ಸಾಗವಾನಿ. ಮಳೆಗಾಲದಲ್ಲಿ ಆ ಹಲಗೆ ಉಬ್ಬಿ ಬಾಗಿಲು ಹಾಕಲು ಇಬ್ಬರು ಬೇಕಾದರೂ ಅಭಿಮಾನಕ್ಕೆ ಊನವಿಲ್ಲ. ಯಲಬುರ್ಗಾದ ಅಖಂಡಪ್ಪ ಅದನ್ನು ನೋಡಿ ಬಂದು, ತನ್ನ ಮನೆಗೆ ಇನ್ನೂ ಅಗಲದ ಹಲಗೆ ಹುಡುಕುತ್ತಾನೆ. ಜೋಡಣೆ ಎಂದರೆ ಮೋಸ, ಅಖಂಡ ಎಂದರೆ ಅಸಲಿ ಎಂಬುದು ಇವರ ಸಿದ್ಧಾಂತ. ವಿಷಯ ನಿಜವಾಗಿ ತಿರುವುಮುರುವಾಗಿದೆ ಎಂಬುದು ನನ್ನ ವಾದ.

ಇಂಥವರ ಕೈಗೆ, ಯಾವುದಾದರೂ ಕರಕುಶಲ ಮೇಳದಲ್ಲಿ, ತುಂಡು ಜೋಡಿಸಿ ಲೇತ್‌ನಲ್ಲಿ ತಿರುಗಿಸಿದ ಬಟ್ಟಲೊಂದು ಸಿಕ್ಕಿತೆನ್ನಿ. ಕಪ್ಪು ಬೀಟೆ, ಹೊಂಬಣ್ಣದ ಹಲಸು, ನಸುಗಂದು ಸಾಗವಾನಿ ಒಂದರ ಪಕ್ಕ ಒಂದು ಕೂತಿರುವ ಬಟ್ಟಲು ಅದು. ‘ತುಂಡು-ತುಕಡಿ ಉಳಿದಿದ್ವು, ಅಂಟಿಸ್ಯಾರ’ ಎಂದು ಅಖಂಡಪ್ಪನವರ ತೀರ್ಪು ಬರುತ್ತದೆ. ಆ ಅಂಟಿಸುವಿಕೆಯ ಲೆಕ್ಕ ನೋಡಿ. ಒಂದು ಸುತ್ತಿಗೆ 12 ತುಂಡು. ಪ್ರತಿ ತುಂಡಿನ ಎರಡೂ ತುದಿಯನ್ನು 15 ಡಿಗ್ರಿಗೆ ಕೊಯ್ಯಬೇಕು. ಒಂದೊಂದು ಕೊಯ್ತದಲ್ಲಿ ಅರ್ಧ ಡಿಗ್ರಿ ತಪ್ಪಿದರೂ 24 ಮುಖ ಸೇರಿ ತಪ್ಪು 12 ಡಿಗ್ರಿಯಾಗುತ್ತದೆ, ಉಂಗುರ ಕೂಡುವುದೇ ಇಲ್ಲ. ಇನ್ನು ಇಡೀ ದಿಮ್ಮಿಯಿಂದ ಕಡೆದ ಬಟ್ಟಲಿನ ಪಾಡು ಬೇರೆ. ಮರ ಉದ್ದಕ್ಕೆ ಬಹುತೇಕ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಅದರಲ್ಲೂ ವರ್ಷವಲಯದ ಗುಂಟ ಕುಗ್ಗುವುದು, ತಿರುಳಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು ಎರಡರಷ್ಟು. ಹಸಿ ದಿಮ್ಮಿಯಲ್ಲಿ ದುಂಡಗೆ ಕಡೆದದ್ದು ನಮ್ಮ ಸೀಮೆಯ ಬೇಸಿಗೆ ಕಂಡರೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ತುಂಡುಗಳ ಎಳೆಗಳನ್ನು ಸುತ್ತಲೂ ಹೊಂದಿಸಿದ ಉಂಗುರ ದುಂಡಗೇ ಉಳಿಯುತ್ತದೆ. ಅಖಂಡಪ್ಪನವರು ಯಾವುದನ್ನು ಶೀಲವೆನ್ನುತ್ತಾರೋ ಅದೇ ಸೊಟ್ಟಗಾಗುವುದು!

ಸಾಕ್ಷಿಗೆ ಹೊರದೇಶದ ಲೇತ್ ಬೇಕಿಲ್ಲ. ಕೊಪ್ಪಳದ ಮಗ್ಗುಲಲ್ಲೇ ಕಿನ್ನಾಳವಿದೆ. ಅಲ್ಲಿನ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಗೊಂಬೆಯ ಅಂಗಗಳನ್ನು ಬೇರೆ ಬೇರೆ ಕೆತ್ತಿ ಕೂಡಿಸುತ್ತಾರೆ. ಹುಣಸೆ ಬೀಜದ ಅಂಟಿನಲ್ಲಿ ಸೆಣಬು, ಕಟ್ಟಿಗೆ ಪುಡಿ ಕಲಸಿದ ಕಿಟ್ಟದಿಂದ ಸಂದು ಮುಚ್ಚುತ್ತಾರೆ. ಭೌಗೋಳಿಕ ಗುರುತು ಪಡೆದ ಈ ಗೊಂಬೆಯನ್ನು ಅಖಂಡಪ್ಪನವರು ‘ನಮ್ಮೂರ ಹೆಮ್ಮೆ’ ಎಂದು ಮಂತ್ರಿಗಳ ಕೈಗೆ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ, ಟಾರ್ಚ್ ಮಾತ್ರ ಹೊರಬರುವುದಿಲ್ಲ. ಮೊದಲು ಯಲಬುರ್ಗಾ ತಾಲ್ಲೂಕಿಗೆ, ಈಗ ಕುಕನೂರಿಗೆ ಸೇರಿದ ಇಟಗಿಯ ಮಹಾದೇವ ದೇವಾಲಯ 1112ರ ಹೊತ್ತಿನದು. ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಬಳಪದ ಕಲ್ಲಿನ ಅಲ್ಲಿನ ಕಂಬಗಳು ತಿರುಗಣೆಯಲ್ಲಿ ಕಡೆದಂಥವು. ಮೇಲಿನ ಬೋದಿಗೆ, ತೊಲೆಗಳು ಬೇರೆ ಕಲ್ಲು. ಗಂಗಾವತಿಯ ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿಯ ಕಲ್ಲಿನ ರಥ. ‘ಒಂದೇ ಕಲ್ಲಿನ್ಯಾಗ ಕಡದಾರ್ರಿ’ ಎಂದು ಅಖಂಡಪ್ಪನವರು ಬೀಗರಿಗೆ ವಿವರಿಸುವುದು ಅದನ್ನೇ. ಅದೂ ಹಲವು ಕಲ್ಲುಗಳ ಜೋಡಣೆ. ಸಂದುಗಳನ್ನು ಕೆತ್ತನೆಯಲ್ಲಿ ಮರೆಸಿದ್ದಾರೆ, ಅಷ್ಟೇ. ಜೋಡಿಸಿದ್ದಕ್ಕೆ ಬೆಲೆ ಇಳಿಸಿರೆಂದು ಚೌಕಾಸಿ ಮಾಡುತ್ತ ಅವರು ಮುಂದೆ ಚಾಚುವ 50 ರೂಪಾಯಿ ನೋಟಿನ ಬೆನ್ನ ಮೇಲಿರುವುದೂ ಆ ರಥವೇ.

ಅಖಂಡಪ್ಪನವರ ಕಡೆಗೂ ನ್ಯಾಯವಿದೆ. ಪಾಲಿಶ್‌ನಡಿ ಪೊಳ್ಳು ಹಲಗೆ ಬಚ್ಚಿಟ್ಟು ಸಾಗವಾನಿಯ ದರ ಹೇಳುವವರು ಪೇಟೆಯಲ್ಲಿ ಕಡಿಮೆಯಿಲ್ಲ. ಸುಟ್ಟ ಕೈ ಟಾರ್ಚ್ ಹಿಡಿದರೆ ತಪ್ಪೆನ್ನಲಾಗದು. ಅಂಟು ಬಿಡುತ್ತದೆ ಎಂಬ ಆಕ್ಷೇಪವೂ ಪೂರ್ತಿ ಸುಳ್ಳಲ್ಲ. ಎಳೆ ಕಡಿದ ತುದಿಗೆ ತುದಿ ಅಂಟಿಸಿದರೆ ಹಿಡಿತ ಕಡಿಮೆಯೇ. ಅದಕ್ಕೆಂದೇ ಉಂಗುರದ ಮೇಲೆ ಉಂಗುರ ಕೂರಿಸುವಾಗ, ಗೋಡೆಯ ಇಟ್ಟಿಗೆಯಂತೆ, ಕೆಳಗಿನ ಸಂದಿನ ಮೇಲೆ ಮೇಲಿನ ತುಂಡಿನ ನಡುಭಾಗ ಬರುವಂತೆ ಇಡುತ್ತಾರೆ. ಭಾರ ಹೊರುವುದು ಮೈಗೆ ಮೈ ಹತ್ತಿದ ಆ ಅಂಟು. ಚಕ್ಕಡಿಯ ಗಾಲಿಯಲ್ಲೂ ಸುತ್ತಿನ ತುಂಡುಗಳನ್ನು ಬಿಗಿ ಹಿಡಿಯುವುದು, ಕಾಯಿಸಿ ತೊಡಿಸಿದ ಮೇಲೆ ತಣ್ಣಗಾಗಿ ಕುಗ್ಗುವ ಕಬ್ಬಿಣದ ಹಳಿ. ಒಂದೇ ಹಲಗೆಯಿಂದ ಗಾಲಿ ಕೊಯ್ದು ಎಳ್ಳಮಾಸಿಗೆ ಹೊಲಕ್ಕೆ ಹೊರಟರೆ ಚರಗದ ಬುತ್ತಿಯನ್ನು ದಾರಿಯಲ್ಲೇ ಬಿಚ್ಚಬೇಕಾದೀತು. ಹಾಗಾಗಿ ಕೇಳಬೇಕಾದ್ದು ಕೂಡಿಸಿದ್ದೋ ಅಲ್ಲವೋ ಎಂದಲ್ಲ. ಹೇಗೆ ಕೂಡಿಸಿದ್ದು, ಯಾವ ಕಟ್ಟಿಗೆ, ಎಷ್ಟು ಒಣಗಿಸಿದ್ದು ಎಂದು. ಈ ಮೂರು ಪ್ರಶ್ನೆಗೆ ತಡವರಿಸುವ ವ್ಯಾಪಾರಿಯ ಮುಂದಿಂದ ಎದ್ದು ಬರಲು ಯಾವ ಸಿದ್ಧಾಂತವೂ ಬೇಕಿಲ್ಲ.

ಅಖಂಡಪ್ಪನವರು ಒಪ್ಪುವುದು ಅನುಮಾನ. ಅವರ ಆಧಾರ್ ಕಾರ್ಡಿನಲ್ಲಿರುವ ಜಿಲ್ಲೆಯೇ 1997ರಲ್ಲಿ ರಾಯಚೂರಿನಿಂದ ಕೊಯ್ದು ತೆಗೆದ ನಾಲ್ಕು ತಾಲ್ಲೂಕುಗಳ ಜೋಡಣೆ. ಅವರ ರಾಜ್ಯ 1956ರಲ್ಲಿ ಹೈದರಾಬಾದು, ಮುಂಬಯಿ, ಮದರಾಸು, ಕೊಡಗು, ಮೈಸೂರಿನ ತುಂಡುಗಳನ್ನು ಹೊಂದಿಸಿದ್ದು. ಇದನ್ನು ಹೇಳಿದರೆ ‘ಅದು ಬ್ಯಾರೆ ಮಾತ್ರಿ’ ಎನ್ನುತ್ತಾರೆ. ಸಂದಿಲ್ಲದ ಬಟ್ಟಲೇ ಆಗಬೇಕೆಂಬ ಹಟವಿದ್ದರೆ ಅದಕ್ಕೂ ದಾರಿಯಿದೆ: ಸ್ಟೀಲ್ ಪಾತ್ರೆಯ ಅಂಗಡಿ. ಒಂದೇ ತಗಡನ್ನು ಒತ್ತಿ ಮಾಡಿದ್ದು, ಎಲ್ಲಿ ತಟ್ಟಿದರೂ ಒಂದೇ ನಾದ, ಟಾರ್ಚ್ ಬಿಟ್ಟರೆ ಕಾಣುವುದು ತಮ್ಮದೇ ಮುಖ. ತೂಕದ ಮೇಲೆ ಕೊಡುತ್ತಾರೆ, ಕೇಳಿದರೆ ಹೆಸರನ್ನೂ ಕೊರೆದು ಕೊಡುತ್ತಾರೆ.