ಹೆಂಡತಿಯ ಹೆಸರೆತ್ತಿ ರಜೆ ಕೇಳಬೇಡಿ

1857ರ ದಂಗೆಯ ಬಿಸಿ ಆರುವ ಮೊದಲೇ ಬ್ರಿಟಿಷರು ಬರೆದಿಟ್ಟ 1861ರ ಪೊಲೀಸ್ ಕಾಯ್ದೆಯನ್ನು ಪುರುಸೊತ್ತಿದ್ದರೆ ಒಮ್ಮೆ ಓದಬೇಕು. ಒಳ್ಳೆಯ ಹಾಸ್ಯ ಸಾಹಿತ್ಯ. ಅದರ 22ನೇ ಕಲಮಿನ ಪ್ರಕಾರ ಪೊಲೀಸನಾದವನು ಸದಾ ಕರ್ತವ್ಯದ ಮೇಲೇ ಇರುತ್ತಾನೆ. 29ನೇ ಕಲಮಿಗೆ ಬಂದರೆ, ರಜೆ ಮುಗಿದ ಮೇಲೂ ತಕ್ಕ ಕಾರಣವಿಲ್ಲದೆ ಹಾಜರಾಗದವನಿಗೆ ಮೂರು ತಿಂಗಳ ಸಂಬಳದವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಸಾಲದಿದ್ದರೆ ಎರಡೂ. ಸದಾ ಡ್ಯೂಟಿಯಲ್ಲೇ ಇರುವವನು ಗೈರುಹಾಜರಾಗುವುದಾದರೂ ಹೇಗೆ ಸ್ವಾಮಿ? ಊರಲ್ಲಿ ಕೂತು ಮಗುವಿನ ತೊಟ್ಟಿಲು ತೂಗುವಾಗಲೂ ಕಾನೂನಿನ ಲೆಕ್ಕದಲ್ಲಿ ಅವನು ಬಂದೋಬಸ್ತಿನಲ್ಲೇ ಇದ್ದಾನೆ. ಹೀಗಂತ ವಾದ ಹೂಡಿದ ಪೇದೆ ಇದುವರೆಗೆ ನನಗೆ ಸಿಕ್ಕಿಲ್ಲ. ವಾದ ಹೂಡುವುದಕ್ಕೂ ರಜೆ ಬೇಕಲ್ಲ.

ರಜೆ ಮೀರಿದರೆ ಶಿಕ್ಷೆ, ಒಪ್ಪೋಣ. 2020ರ ಡಿಸೆಂಬರಿನಲ್ಲಿ ಭೋಪಾಲದ ಸಂಚಾರ ಪೊಲೀಸ್ ಪೇದೆಯೊಬ್ಬನಿಗೆ ರಜೆ ಕೇಳಿದ್ದಕ್ಕೇ ಶಿಕ್ಷೆಯಾಯಿತು. ಬಾಮೈದನ ಮದುವೆ, ಐದು ದಿನ ರಜೆ ಬೇಕು ಎಂದು ಬರೆದು ಸುಮ್ಮನಾಗಿದ್ದರೆ ಏನೂ ಆಗುತ್ತಿರಲಿಲ್ಲ. ಮದುವೆಗೆ ಬಾರದಿದ್ದರೆ ಪರಿಣಾಮ ನೆಟ್ಟಗಿರುವುದಿಲ್ಲವೆಂದು ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಾಳೆ ಎಂಬುದನ್ನೂ ಅರ್ಜಿಯ ಕೊನೆಗೆ ಸೇರಿಸಿಬಿಟ್ಟ. ಸಾಕ್ಷಿಗಳಿಂದ ಸತ್ಯ ಹೇಳಿಸುವ ಇಲಾಖೆಯಲ್ಲವೇ, ತಾನೂ ಹೇಳಿದರಾಯಿತು ಅಂದುಕೊಂಡನೋ ಏನೋ. ಅರ್ಜಿ ಮೊಬೈಲಿನಿಂದ ಮೊಬೈಲಿಗೆ ಹಾರಿ ದೇಶ ಸುತ್ತಿತು. ಸಾಹೇಬರಿಗೆ ಅದರಲ್ಲಿ ಅಶಿಸ್ತು ಕಂಡಿತು. ಪೇದೆಯನ್ನು ಕೆಲಸ ಬಿಡಿಸಿ ಪೊಲೀಸ್ ಲೈನಿಗೆ, ಅಂದರೆ ಮೀಸಲು ಪೊಲೀಸರ ವಸತಿಗೆ, ಅಟ್ಟಿದರು.

ಅವನು ಅರ್ಜಿಯಲ್ಲಿ ಅಜ್ಜಿಯನ್ನು ಸಾಯಿಸಬೇಕಿತ್ತು. ಅಜ್ಜಿಯರು ಗೌರಿ ಹಬ್ಬಕ್ಕೊಮ್ಮೆ, ಊರ ಜಾತ್ರೆಗೊಮ್ಮೆ ಸಾಯುವುದಕ್ಕೆ ಸರ್ಕಾರಿ ಕಚೇರಿಗಳಲ್ಲಿ ಯಾರ ತಕರಾರೂ ಇಲ್ಲ. ಬದುಕಿರುವ ಹೆಂಡತಿಯದೇ ತೊಂದರೆ.

ಹಾಗೆಂದು ಹೆಂಡತಿಯರೆಲ್ಲ ಅಶಿಸ್ತೇ ಎಂದು ತೀರ್ಮಾನಿಸುವ ಹಾಗೂ ಇಲ್ಲ. 2023ರ ಜನವರಿಯಲ್ಲಿ ಉತ್ತರ ಪ್ರದೇಶದ ಮಹಾರಾಜ್‌ಗಂಜ್ ಜಿಲ್ಲೆಯ ನೌತನ್‌ವಾ ಠಾಣೆಯ ಹೊಸ ಮದುವಣಿಗ ಪೇದೆಯೊಬ್ಬ, ಹೆಂಡತಿ ಮುನಿಸಿಕೊಂಡಿದ್ದಾಳೆ, ಫೋನ್ ಮಾಡಿದರೆ ಅತ್ತೆಯ ಕೈಗೆ ಕೊಟ್ಟುಬಿಡುತ್ತಾಳೆ ಎಂದು ದುಃಖ ತೋಡಿಕೊಂಡ. ಅವನಿಗೆ ಐದು ದಿನ ರಜೆ ಸಿಕ್ಕಿತು. ಸಂಕಟ ಇಬ್ಬರದೂ ಒಂದೇ, ಒಬ್ಬ ಲೈನಿಗೆ ಹೋದ, ಇನ್ನೊಬ್ಬ ಮನೆಗೆ ಹೋದ. ಶಿಸ್ತೆಂದರೆ ಫೈಲು ಮೇಜಿಗೆ ಬಂದ ಹೊತ್ತಿಗೆ ಸಾಹೇಬರ ಕಾಫಿ ಹೇಗಿತ್ತು ಅನ್ನುವುದು.

ಉತ್ತರದವರನ್ನು ನೋಡಿ ನಗುವ ಹಕ್ಕು ನಮಗೂ ಇಲ್ಲ ಬಿಡಿ. 2016ರಲ್ಲಿ ಕರ್ನಾಟಕದ ಪೊಲೀಸರು ಸಂಬಳ ಸಾಲದು, ವಾರದ ರಜೆ ಸಿಗದು, ಮೇಲಿನವರ ಕಿರುಕುಳ ತಾಳಲಾರೆವು ಎಂದು ಜೂನ್ 4ಕ್ಕೆ ಸಾಮೂಹಿಕ ರಜೆ ಹಾಕಲು ಹೊರಟರು. ಸರ್ಕಾರ ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆ (ಎಸ್ಮಾ) ಜಾರಿ ಮಾಡಿತು. ಮುಂದಾಳಾಗಿ ನಿಂತಿದ್ದವನ ಮೇಲೆ ರಾಜದ್ರೋಹದ ಕೇಸು ಜಡಿಯಿತು. ಸ್ವರಾಜ್ಯ ಕೇಳಿದ ತಿಲಕರ ಮೇಲೆ ಹಾಕಿದ್ದು ಯಾವ ಕಲಮೋ, ರಜೆ ಕೇಳಿದವರ ನಾಯಕನ ಮೇಲೂ ದಂಡಸಂಹಿತೆಯ ಅದೇ 124ಎ. ಗೊತ್ತುಮಾಡಿದ ದಿನ ಪೊಲೀಸರು ಹೆಚ್ಚುಕಮ್ಮಿ ಎಂದಿನಂತೆಯೇ ಡ್ಯೂಟಿಗೆ ಬಂದರು. ಕೇಳಿದ್ದು ರಜೆ, ಸಿಕ್ಕಿದ್ದು ಸಂಬಳ ಪರಿಶೀಲಿಸಲು ಒಂದು ಸಮಿತಿ.

ರಜೆ ಮೀರಿದವರ ಪಾಲಿಗೆ ಒಂದು ಆಸರೆಯೂ ಇದೆ. ಗುಪ್ತಚರ ದಳದ ಕೆಳಹಂತದ ನೌಕರನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬೇಕೆಂದೇ ಗೈರಾದನೆಂದು ಸಾಬೀತಾಗದ ಹೊರತು ಗೈರುಹಾಜರಿ ದುರ್ನಡತೆಯಾಗದು, ಕಾಯಿಲೆ ಅಪಘಾತದಂಥ ಕೈಮೀರಿದ ಕಾರಣಗಳೂ ಇರಬಹುದು ಎಂದಿತು. ಮನೆಯವರ ಕಾಯಿಲೆಗೆ ಊರಿಗೆ ಹೋಗಿ ನಾಲ್ಕು ದಿನ ತಡವಾದ ಯಾವ ಪೇದೆಯೂ ಕಣ್ಣಿಗೊತ್ತಿಕೊಳ್ಳುವ ತೀರ್ಪು. ಆ ನೌಕರನ ಗೈರುಹಾಜರಿ ಶುರುವಾದದ್ದು 1995ರಲ್ಲಿ, ತೀರ್ಪು ಬಂದದ್ದು 2012ರಲ್ಲಿ. ಇಷ್ಟು ತಡವಾಗಿ ಹಾಜರಾದ ತೀರ್ಪಿಗೆ ಮಾತ್ರ ಯಾರೂ ಕಾರಣ ಕೇಳಿ ನೋಟಿಸ್ ಕೊಡಲಿಲ್ಲ.

ಇನ್ನು ಹೆಂಡತಿಯ ಮಾತು ಬರೆದವನನ್ನು ಲೈನಿಗೆ ಅಟ್ಟಿದ ಭೋಪಾಲಕ್ಕೇ ಮರಳಿ ಬರೋಣ. ಅವನನ್ನು ಅಟ್ಟಿದ ಆ ದಿನಗಳಲ್ಲೇ ಅದೇ ಊರಿನ ಪೊಲೀಸ್ ಲೈನಿನ ಸಂಬಳಪಟ್ಟಿಯಲ್ಲಿ ಮತ್ತೊಬ್ಬ ಪೇದೆಯ ಹೆಸರು ನೆಮ್ಮದಿಯಾಗಿ ಕೂತಿತ್ತು. 2011ರಲ್ಲಿ ನೇಮಕಗೊಂಡ ಅವನನ್ನು ತರಬೇತಿಗೆಂದು ಸಾಗರಕ್ಕೆ ಕಳಿಸಿದರೆ (ಜೋಗದ ಹತ್ತಿರದ್ದಲ್ಲ, ಅವರ ಮಧ್ಯಪ್ರದೇಶದ್ದು) ಅವನು ವಿದಿಶಾದ ತನ್ನ ಮನೆಗೆ ಹೋದ. ಸೇವಾ ದಾಖಲೆಯನ್ನು ಸ್ಪೀಡ್ ಪೋಸ್ಟಿನಲ್ಲಿ ಭೋಪಾಲಕ್ಕೆ ಕಳಿಸಿದ. ಪೋಸ್ಟು ತಲುಪಿತು, ಮನುಷ್ಯ ತಲುಪಲಿಲ್ಲ. ಇಲಾಖೆಗೆ ಅಷ್ಟು ಸಾಕಾಯಿತು. ಅವನು ಯಾವ ಬಾಮೈದನ ಮದುವೆಯನ್ನೂ ಎತ್ತಲಿಲ್ಲ, ಅರ್ಜಿಯನ್ನೇ ಬರೆಯಲಿಲ್ಲ. 12 ವರ್ಷ ತಪ್ಪದೆ ಸಂಬಳ ಬಂತು, ಸುಮಾರು 28 ಲಕ್ಷ ರೂಪಾಯಿ. 2023ರಲ್ಲಿ ಆ ಬ್ಯಾಚಿನವರ ವೇತನ ಶ್ರೇಣಿ ಪರಿಶೀಲಿಸಲು ಕೂತಾಗ, ಈ ಹೆಸರಿನವನನ್ನು ನೋಡಿದವರೇ ಇಲ್ಲ ಎಂಬುದು ಬೆಳಕಿಗೆ ಬಂತು. ಮಾನಸಿಕ ಅನಾರೋಗ್ಯವಿತ್ತೆಂದು ಅವನು ವೈದ್ಯರ ಕಾಗದ ತಂದುಕೊಟ್ಟ. ಅದು ನಿಜವೂ ಇರಬಹುದು. 12 ವರ್ಷ ಕುರುಡಾಗಿದ್ದ ಇಲಾಖೆ ಯಾವ ವೈದ್ಯರ ಕಾಗದ ತರುತ್ತದೆ?

ಅವನು ಒಂದೂವರೆ ಲಕ್ಷ ಕಟ್ಟಿದ್ದಾನೆ, ಮಿಕ್ಕದ್ದನ್ನು ಮುಂದಿನ ಸಂಬಳದಲ್ಲಿ ಮುರಿದುಕೊಳ್ಳುವುದೆಂದು 2025ರಲ್ಲಿ ಸುದ್ದಿಯಾಯಿತು. ಅಂದರೆ ಅಷ್ಟೂ ವಸೂಲಾಗುವ ತನಕ ಅವನ ನೌಕರಿಗೆ ಕುಂದು ಬಾರದಂತೆ ಇಲಾಖೆಯೇ ಕಾವಲು ಕಾಯಬೇಕು.